ಡ್ರಿಪ್ ಕುರ್ಚಿಯಲ್ಲಿ ಸಂಕೋಚ ನಿಷೇಧ

ಹಗಲು ಚಿಕಿತ್ಸಾ ವಿಭಾಗ, ಎರಡನೇ ಮಹಡಿ
ಸಂಖ್ಯೆ: ಹಚಿವಿ/ಡ್ರಿಪ್/ಸಂಕೋಚ/03

ವಿಷಯ: ಅಂಡಾಶಯದ ಮುಂದುವರಿದ ಕ್ಯಾನ್ಸರ್‌ಗೆ ರಕ್ತನಾಳದ ಮೂಲಕ ಕೆಂಪು ಔಷಧ ಪಡೆಯುವಾಗ ‘ಪರವಾಗಿಲ್ಲ ಬಿಡಿ’ ಎನ್ನುವುದನ್ನು ನಿಲ್ಲಿಸುವ ಕುರಿತು.

ಉಲ್ಲೇಖ: (1) ಕಳೆದ ಮಂಗಳವಾರ ಮೂರನೇ ಕುರ್ಚಿಯಲ್ಲಿ ನಡೆದ ಘಟನೆ.
(2) ರೋಗಿಯ ಅತ್ತಿಗೆಯವರ ಮೌಖಿಕ ಹೇಳಿಕೆ (ಅಳು ಕಳೆದು ಉಳಿದದ್ದು).

ಮೂರನೇ ಕುರ್ಚಿಯ ಟೈಲರಮ್ಮನವರು ಮೂವತ್ತು ವರ್ಷ ಬಟ್ಟೆ ಹೊಲಿದವರು. ಅಂದು ಔಷಧ ಇಳಿಯತೊಡಗಿದ ಅರ್ಧ ಗಂಟೆಗೆ ಅವರ ಬಲ ಮುಂಗೈ ಚುರುಚುರು ಎಂದಿತು. ಅದೇ ಗಳಿಗೆಯಲ್ಲಿ ಸಿಸ್ಟರ್ ಊಟದ ಡಬ್ಬಿಯ ಮುಚ್ಚಳ ತೆಗೆದದ್ದು ಅವರ ಕಣ್ಣಿಗೆ ಬಿತ್ತು. ‘ಪಾಪ, ಬೆಳಗ್ಗಿಂದ ನಿಂತೇ ಇದ್ದಾಳೆ, ಎರಡು ತುತ್ತು ತಿನ್ಲಿ’ ಎಂದುಕೊಂಡು ಹಲ್ಲು ಕಚ್ಚಿ ಕುಳಿತರು. ಪಕ್ಕದಲ್ಲಿದ್ದ ಅತ್ತಿಗೆ, ‘ಯಾಕೇ, ಮುಖ ಹಿಂಗೆ ಮಾಡ್ತಿದೀಯ?’ ಎಂದದ್ದಕ್ಕೆ ‘ಸೆಖೆ’ ಎಂದರು. ‘ಹಾಗಾದ್ರೆ ಬೇಗ ಮುಗಿಸೋಣ, ನಾಲ್ಕು ಗಂಟೆ ಬಸ್ಸು ಸಿಗುತ್ತೆ’ ಎಂದು ಅತ್ತಿಗೆಯವರು ಡ್ರಿಪ್‌ನ ವೇಗ ಹೆಚ್ಚಿಸುವ ಚಕ್ರವನ್ನು ನಲ್ಲಿ ತಿರುಗಿಸಿದಂತೆ ತಿರುಗಿಸಿದರು. ಔಷಧ ಚರ್ಮದಡಿ ಸೋರಿ ಮುಂಗೈ ಬನ್ನಿನಂತೆ ಉಬ್ಬಿತು. ಅದು ಕತ್ತರಿ ಹಿಡಿಯುವ ಕೈ. ಸಿಸ್ಟರ್ ಓಡಿ ಬಂದು ಡ್ರಿಪ್ ನಿಲ್ಲಿಸಿ, ವೈದ್ಯರನ್ನು ಕರೆಸಿ, ಬಾವಿನ ಮೇಲೆ ತಣ್ಣನೆಯ ಪೊಟ್ಟಣ ಇಟ್ಟರು. ಆಗಲೂ ಟೈಲರಮ್ಮನವರು ಹೇಳಿದ್ದು ಇಷ್ಟೇ: ‘ಅಯ್ಯೋ, ನಿಮ್ಮ ಊಟ ಆರಿ ಹೋಯ್ತಲ್ಲಮ್ಮ!’

ಸದರಿ ಒಳ್ಳೆಯತನವನ್ನು ವಿಭಾಗವು ಗಂಭೀರವಾಗಿ ಪರಿಗಣಿಸಿದ್ದು, ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

1. ಡ್ರಿಪ್ ಇಳಿಯುವಾಗ ಉರಿ, ಬಾವು, ಎದೆ ಬಿಗಿತ, ಬೆನ್ನುನೋವು, ಉಸಿರು ಕಟ್ಟಿದಂತಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಕೂಡಲೇ ಕೂಗತಕ್ಕದ್ದು. ಎರಡನೆಯದೂ ಬರಲಿ, ಒಟ್ಟಿಗೆ ಹೇಳೋಣವೆಂದು ಕಾಯತಕ್ಕದ್ದಲ್ಲ.

2. ಸಿಸ್ಟರ್‌ಗಳ ಊಟವನ್ನು ‘ಧಾರಾಳವಾಗಿ ಕೆಡಿಸಬಹುದಾದ ಚಟುವಟಿಕೆ’ ಎಂದು ವರ್ಗೀಕರಿಸಲಾಗಿದೆ. ತುತ್ತು ಕೈಯಲ್ಲಿದ್ದರೆ ಒಂದು ಕೂಗು, ಬಾಯಲ್ಲಿದ್ದರೆ ಎರಡು.

3. ಡ್ರಿಪ್‌ನ ಚಕ್ರ ಮುಟ್ಟುವ ಅಧಿಕಾರ ಸಿಸ್ಟರ್‌ಗೆ ಮಾತ್ರ. ಬಂಧುಗಳ ಕೈ ಅವರವರ ಮಡಿಲಲ್ಲೇ ಇರತಕ್ಕದ್ದು; ಸುಮ್ಮನಿರಲಾರದ ಕೈಗಳಿಗೆ ಬಿಡಿಸಲು ಗಂಟು ಬಿದ್ದ ದಾರ ಒದಗಿಸಲಾಗುವುದು. ಬಸ್ಸಿನ ವೇಳಾಪಟ್ಟಿಯನ್ನು ಔಷಧದ ಗಮನಕ್ಕೆ ತರಲಾಗಿದ್ದು, ಅದು ತನ್ನ ವೇಗ ಬದಲಿಸಲು ಒಪ್ಪಿರುವುದಿಲ್ಲ.

4. ಔಷಧದ ಬಣ್ಣದಿಂದ ಮೂತ್ರ ಒಂದೆರಡು ದಿನ ಕೆಂಪಾಗುವುದು ಸಹಜ; ಅದಕ್ಕಾಗಿ ನೆಂಟರನ್ನೆಲ್ಲ ಕೂಡಿಸತಕ್ಕದ್ದಲ್ಲ. ಆದರೆ ಜ್ವರ ನೂರು ಪಾಯಿಂಟ್ ನಾಲ್ಕು ಮುಟ್ಟಿದರೆ ಯಾವ ಹೊತ್ತಾದರೂ ಫೋನ್ ಮಾಡತಕ್ಕದ್ದು. ಹಣೆ ಮುಟ್ಟಿ ‘ಏನಿಲ್ಲ ಬಿಡು’ ಎನ್ನುವ ಅತ್ತೆಯವರ ಅಂಗೈಯನ್ನು ಥರ್ಮಾಮೀಟರ್ ಎಂದು ಪರಿಗಣಿಸಲಾಗುವುದಿಲ್ಲ.

5. ಅಂಗೈ, ಅಂಗಾಲು ಕೆಂಪೇರಿ ಉರಿದರೆ, ಮುಂದಿನ ಡ್ರಿಪ್ ಮುಂದೂಡುತ್ತಾರೆಂದು ಹೆದರಿ ಸೆರಗಿನಡಿಯಲ್ಲೋ ಸಾಕ್ಸಿನೊಳಗೋ ಬಚ್ಚಿಡತಕ್ಕದ್ದಲ್ಲ. ಸಾಕ್ಸ್ ಬಿಚ್ಚಿಸಿ ನೋಡುವ ಅಧಿಕಾರ ವಿಭಾಗಕ್ಕಿದೆ. ತೂತುಗಳ ಬಗ್ಗೆ ಷರಾ ಬರೆಯಲಾಗುವುದಿಲ್ಲ.

6. ‘ಪರವಾಗಿಲ್ಲ’, ‘ಇಷ್ಟೇ ತಾನೆ’, ‘ನಿಮಗ್ಯಾಕೆ ತೊಂದರೆ’ ಎಂಬ ಮಾತುಗಳನ್ನು ಬಾಗಿಲಲ್ಲಿ ಕೊಡೆಗಳ ಜೊತೆ ಬಿಟ್ಟು ಬರತಕ್ಕದ್ದು. ‘ನಮ್ಮವಳು ಎಂಥ ನೋವಾದ್ರೂ ತಡ್ಕೋತಾಳೆ’ ಎಂದು ಹೆಮ್ಮೆ ಪಡುವ ಗಂಡಂದಿರನ್ನೂ ಅಲ್ಲಿಯೇ ಬಿಡತಕ್ಕದ್ದು.

7. ತಿಂಗಳಲ್ಲಿ ಅತಿ ಸಣ್ಣ ಕಾರಣಕ್ಕೆ ಅತಿ ಹೆಚ್ಚು ಸಲ ಕರೆದವರಿಗೆ ‘ಉತ್ತಮ ಗಲಾಟೆ’ ಪ್ರಮಾಣಪತ್ರ ನೀಡಲಾಗುವುದು. ಈವರೆಗೆ ಯಾರೂ ಅರ್ಹರಾಗಿಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ.

ಮೂರನೇ ಕುರ್ಚಿಯವರ ಚರ್ಮ ಒಡೆದಿಲ್ಲ, ಬಾವು ಇಳಿಯುತ್ತಿದೆ. ಬೆರಳುಗಳು ಮೊದಲಿನಂತೆ ಸೂಜಿ ಹಿಡಿಯುವವೇ ಎಂಬುದು, ಅವರು ನೋವನ್ನು ಇದ್ದಷ್ಟು ಇದ್ದಂತೆ ಹೇಳುವುದನ್ನು ಅವಲಂಬಿಸಿದೆ.

(ಸಹಿ)
ಮುಖ್ಯ ಶುಶ್ರೂಷಕಿ
(ಊಟದ ಮಧ್ಯೆ ಎದ್ದು ಬಂದು)

ಪ್ರತಿಗಳು:
1. ಎಲ್ಲ ಸಿಸ್ಟರ್‌ಗಳಿಗೆ, ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಳ್ಳಲು.
2. ಅತ್ತಿಗೆಯವರಿಗೆ, ದಾರದ ಸಮೇತ.
3. ಬಸ್ ನಿಲ್ದಾಣದ ಅಧಿಕಾರಿಗಳಿಗೆ, ಮಾಹಿತಿಗಾಗಿ.
4. ಟೈಲರಮ್ಮನವರಿಗೆ, ಬಲಗೈಯಲ್ಲಿ ಸಹಿ ಹಾಕಿ ಪಡೆಯಲು. (ಷರಾ: ಸಹಿ ಸೊಟ್ಟಗಿದೆ. ‘ಹೆಬ್ಬೆರಳ ಬುಡ ಇನ್ನೂ ಉರೀತಿದೆ ಕಣಮ್ಮ, ಸ್ವಲ್ಪ ನೋಡು’ ಎಂದು, ಯಾರೂ ಕೇಳದೆಯೇ, ಸಿಸ್ಟರ್ ಊಟಕ್ಕೆ ಕುಳಿತಿದ್ದಾಗ ತಿಳಿಸಿರುತ್ತಾರೆ. ಸುತ್ತೋಲೆ ಜಾರಿಗೆ ಬಂದಿದೆ.)