ಗುಡಿಗೆ ಅರ್ಥ ಹೇಳುವ ಮಾವ

ನಮ್ಮ ಸೋದರಮಾವನ ಜೊತೆ ಗುಡಿಗೆ ಹೋದವರಾರೂ ಇದುವರೆಗೆ ದೇವರನ್ನು ಕಂಡಿಲ್ಲ! ಹೊಸ್ತಿಲನ್ನು ಕಂಡಿದ್ದಾರೆ, ಬಹಳವೆಂದರೆ ಎರಡು ಕಂಬ. ಅಷ್ಟರಲ್ಲಿ ಪೂಜಾರಿ ಬಾಗಿಲು ಹಾಕಿರುತ್ತಾನೆ.

ನಿಜಾಮರ ಕಾಲದಲ್ಲಿ ಅವರು ಔರಾದಿನ ಕಚೇರಿಯೊಂದರಲ್ಲಿ ಗುಮಾಸ್ತರು. ಹಗಲೆಲ್ಲ ಉರ್ದುವಿನಲ್ಲಿ ಅರ್ಜಿ ಬರೆದು ಬರೆದು ಬಾಯಿ ಕಟ್ಟಿಹೋಗಿರುತ್ತಿತ್ತೋ ಏನೋ, ಗುಡಿ ಕಂಡರೆ ಸಾಕು, ಬಿಚ್ಚಿಕೊಳ್ಳುತ್ತಿತ್ತು. ಗುಡಿ ಅಂದರೆ ಕಲ್ಲಲ್ಲ, ನಮ್ಮೊಳಗಿನ ಅರಿವೇ ಹಾಗೆ ನಿಂತಿದೆ ಎಂಬುದು ಅವರ ಸಿದ್ಧಾಂತ. ಮೆಟ್ಟಿಲುಗಳು ಆಸೆಗಳು, ಕಂಬಗಳು ಇಂದ್ರಿಯಗಳು, ಮೂಲೆಯ ಬಾವಲಿಗಳು ಕೆಟ್ಟ ಯೋಚನೆಗಳು! ನಾನೋ ಬೀದರದಿಂದ ಎತ್ತಿನ ಬಂಡಿಯಲ್ಲಿ ಮೈ ನುಗ್ಗಾಗಿ ಬಂದವನು. ನನಗೆ ಬೇಕಾದದ್ದು ಒಂದು ತಂಬಿಗೆ ನೀರು, ಒಂದಿಷ್ಟು ನೆರಳು. ಆದರೂ ತಲೆಯಾಡಿಸುತ್ತಿದ್ದೆ. ಆಡಿಸದಿದ್ದರೆ ಮೊದಲಿನಿಂದ ಶುರು ಮಾಡುತ್ತಿದ್ದರು.

ಒಮ್ಮೆ ಗುಡಿಯ ಬಾಗಿಲು ಯಾಕೆ ಗಿಡ್ಡ ಎಂದು ವಿವರಿಸಿದರು. ಅಹಂಕಾರ ಬಾಗಲಿ ಅಂತ! ಹೇಳುವ ಭರದಲ್ಲಿ ತಾವೇ ಬಾಗಲು ಮರೆತು ಹಣೆ ಬಡಿಸಿಕೊಂಡರು. ನಾನು ನಗು ನುಂಗುತ್ತಿದ್ದರೆ, ಹಣೆ ತಿಕ್ಕಿಕೊಳ್ಳುತ್ತ, "ಇನ್ನಾ ಸ್ವಲ್ಪ ಉಳದದ ನೋಡಪಾ" ಅಂದರು. ಹಸಿದ ಪೂಜಾರಿ ಕೀಲಿ ಹಿಡಿದು ಎದುರಿಗೇ ಬಂದು ನಿಂತ. ಬಿಟ್ಟಾರೆಯೇ? ಕೀಲಿಗೂ ಅರ್ಥ ಹೇಳಿದರು.

ಆ ವರ್ಷ ಮಾವನ ಹೆಂಡತಿಗೆ, ನಮ್ಮ ಅತ್ತೆಗೆ, ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಯಿತು. ಭಾಲ್ಕಿಯ ತವರಿನ ಗುಡಿಯನ್ನು ಒಮ್ಮೆ ನೋಡಿಯೇ ಕಣ್ಣು ಮುಚ್ಚುತ್ತೇನೆ ಎಂಬುದೊಂದೇ ಅವರ ಹಟ. ಬಂಡಿಯ ಕುಲುಕಾಟಕ್ಕೆ ಜೀವ ಉಳಿಯುವುದಿಲ್ಲ ಎಂದು ಹಕೀಮರು ಖಡಾಖಂಡಿತ ಹೇಳಿದರು. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಹಾಯೆನಿಸಿತು. ಔರಾದಿನಿಂದ ಭಾಲ್ಕಿಯವರೆಗೆ ಮಾವನ ಮಾತು ಕೇಳುವ ಕಸುವು ನನ್ನಲ್ಲಿರಲಿಲ್ಲ.

ಮುಂದಿನ ವಾರ ಹೋದಾಗ ಮಾವ ಪಡಸಾಲೆಯಲ್ಲಿ ಮಂಡಿಯೂರಿ, ಅತ್ತೆಯ ಮಂಚದ ಸುತ್ತ ನೆಲಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಹೊಸ್ತಿಲು, ಕಂಬಗಳ ಸಾಲು, ಒಳಬಾಗಿಲು. ಭಾಲ್ಕಿಯ ಗುಡಿಯೇ! ರಜೆ ಹಾಕಿ ಅಷ್ಟು ದೂರ ನಡೆದು ಹೋಗಿ, ಹೆಜ್ಜೆಯಲ್ಲಿ ಅಳೆದು ಬಂದಿದ್ದರಂತೆ. ಅತ್ತೆ ಮಲಗಿದಲ್ಲಿಂದಲೇ ಆ ಕಂಬ ಇನ್ನಷ್ಟು ಈಚೆಗೆ, ಈ ಬಾಗಿಲು ಇಷ್ಟು ಅಗಲವಿಲ್ಲ ಎಂದು ತಿದ್ದುತ್ತಿದ್ದರು. ನಾಚಿಕೆಯಿಂದ ನಾನು ಗೆರೆಯ ಹೊರಗೇ ನಿಂತೆ.

ಎಲ್ಲ ಮುಗಿದ ಮೇಲೆ ಅತ್ತೆ, "ಗರ್ಭಗುಡಿ ಬಿಟ್ಟೇ ಬಿಟ್ರಲ್ರಿ" ಅಂದರು.

"ನೀ ಮಲಗಿದ ಜಾಗಾನೇ ಗರ್ಭಗುಡಿ."

"ಅದಕ್ಕ ಅರ್ಥ ಏನ್ರಿ?" ಅತ್ತೆ ಸೊಟ್ಟಬಾಯಲ್ಲೇ ನಕ್ಕರು.

ಮಾವ ಸುಣ್ಣದ ಕೈಯಿಂದಲೇ ಕಣ್ಣೊರೆಸಿಕೊಳ್ಳಲು ಹೋದರು. ನಾನು ಓಡಿ ಹೋಗಿ ಕೈ ಹಿಡಿದೆ.

"ಅರ್ಥ ನನಗ ಗೊತ್ತಿಲ್ಲ," ಅಂದರು ಮಾವ, ಅತ್ತೆಯ ಕಡೆ ತಿರುಗಿ. "ನೀ ಹೋಗಬ್ಯಾಡ."