ಟ್ರಂಪೆಟ್ಟಿನ ಹಾಳೆ

ತಾವು ಮಾಡಿದ ಕೆಲಸದ ಮೇಲೆ ತಮಗೇ ನಂಬಿಕೆ ಬಾರದ ಕೆಲವರಿರುತ್ತಾರೆ. ನಾನು ಆ ಪೈಕಿ. ಬೀಗ ಹಾಕಿ ಓಣಿ ದಾಟಿದ ಮೇಲೆ ವಾಪಸು ಬಂದು ಜಗ್ಗಿ ನೋಡುತ್ತೇನೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಹಾಕುತ್ತೇನೆ. ಉಂಡವರು ನೀರು ಕುಡಿದು ಸುಮ್ಮನಾಗುತ್ತಾರೆ. ಇದರಿಂದ ಒಬ್ಬನ ಅನ್ನಕ್ಕೇ ಕಲ್ಲು ಬೀಳುತ್ತದೆಂದು ಮಾತ್ರ ಎಣಿಸಿರಲಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಶಿಕಾರಿಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತೇನೆ. ನನ್ನ ಅಣ್ಣ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ನಿವೃತ್ತನಾಗಿ, ಸೊರಬದಲ್ಲಿ ಒಂದು ಮದುವೆ ಬ್ಯಾಂಡ್ ಕಟ್ಟಿದ್ದಾನೆ. ಶಿಸ್ತು ಮಾತ್ರ ಇನ್ನೂ ಪೊಲೀಸರದ್ದೇ: ಎಲ್ಲರೂ ಐದು ಗೆರೆಯ ಸ್ವರಲಿಪಿ ನೋಡಿಯೇ ನುಡಿಸಬೇಕು. ನಮ್ಮ ಅಂಗಡಿಗೆ ಸ್ವರ ಬರೆಯುವ ಸಾಫ್ಟ್‌ವೇರ್ ಫ್ಲಾಪಿಯಲ್ಲಿ ಬಂದದ್ದೇ ತಡ, ಅವನ ಕೈಬರಹದ ಹಾಳೆಗಳನ್ನು ಅಚ್ಚು ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ನನಗೆ ಸಂಗೀತ ಗೊತ್ತಿಲ್ಲ. ಗುರುತು ನೋಡಿ ಗುರುತು ಹಾಕುವುದು, ಅಷ್ಟೆ. ಗೆರೆಯ ಪಕ್ಕ ಎರಡು ಚುಕ್ಕೆ ಇದ್ದರೆ ಆ ಭಾಗವನ್ನು ಮತ್ತೊಮ್ಮೆ ನುಡಿಸಬೇಕು. ಹಾವು ಸುತ್ತಿಕೊಂಡಂಥ ಗುರುತು ಕಂಡರೆ, ಮೇಲೆ ಅದೇ ಹಾವು ಇರುವಲ್ಲಿಗೆ ಹಾರಬೇಕು. ಇಷ್ಟನ್ನು ಅಣ್ಣ ಹೇಳಿಕೊಟ್ಟಿದ್ದ.

ಟ್ರಂಪೆಟ್ ಊದುವ ಬಸಣ್ಣ ಈ ಲಿಪಿಗೆ ಹೊಸಬ. ಒಂದು ಮದುವೆಗೆ ಹೊಸ ಹಾಡಿನ ಹಾಳೆ ಮಾಡಬೇಕಾಯಿತು. ಪಾಪ, ಹಿಂದಕ್ಕೆ ಹೋಗುವಾಗ ಸಾಲು ತಪ್ಪಿಯಾನು ಎಂದು ಅವನೊಬ್ಬನ ಹಾಳೆಯಲ್ಲಿ, ಮತ್ತೊಮ್ಮೆ ನುಡಿಸಬೇಕಾದ ಭಾಗವನ್ನು ನಾನೇ ಎರಡು ಸಲ ಪೂರ್ತಿ ಬರೆದೆ. ಆಮೇಲೆ, ಇರಲಿ ಎಂದು ಚುಕ್ಕೆಗಳನ್ನೂ ಉಳಿಸಿದೆ. ಹಾಳೆಗಳು ಮದುವೆಯ ಬೆಳಿಗ್ಗೆ ಸೊರಬದ ಬಸ್ಸಿನಲ್ಲಿ ಹೋದವು. ಒಮ್ಮೆ ನುಡಿಸಿ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಆ ಮದುವೆಗೆ ನಾನೂ ಹೋಗಿದ್ದೆ. ಬೀಗರನ್ನು ಎದುರುಗೊಳ್ಳುವಾಗ ಇಡೀ ಬ್ಯಾಂಡ್ ಆ ಭಾಗವನ್ನು ಎರಡು ಸಲ ನುಡಿಸಿ ಮುಂದೆ ಹೋಯಿತು. ಬಸಣ್ಣ ಹಾಳೆಯನ್ನು ನಂಬಿ ಅದನ್ನೇ ನಾಲ್ಕು ಸಲ ಊದುತ್ತ ಹಿಂದೆ ಉಳಿದ. "ಆ ಟ್ರಂಪೆಟ್‌ನವ ಬೇರೆ ಮದ್ವೆಗೆ ಬಂದಾನೇನ್ರಿ?" ಎಂದ ಬೀಗರ ಕಡೆಯವನೊಬ್ಬ. ಚಪ್ಪರವೆಲ್ಲ ನಕ್ಕಿತು. ಅಣ್ಣನ ಮುಖ ಕಪ್ಪಿಟ್ಟಿತು.

"ಹಾಳೇಲಿ ಹಂಗೇ ಐತ್ರಿ ಮೇಷ್ಟ್ರೇ," ಎಂದ ಬಸಣ್ಣ.

"ಅಂದ್ರೆ ಕಂಪ್ಯೂಟರ್ ತಪ್ಪು ಮಾಡ್ತದೇನೋ? ನಾಳೆಯಿಂದ ಬರ್ಬೇಡ."

ನಾನು ಪಕ್ಕದಲ್ಲೇ ಪಾನಕದ ಲೋಟ ಹಿಡಿದು ನಿಂತಿದ್ದೆ. ಪಾನಕ ಕುಡಿದೆ.

ಮರುವಾರ, ಹೇಳಿಯೇ ಬಿಡುವುದೆಂದು ಸೊರಬಕ್ಕೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ಹೊಸ ಟ್ರಂಪೆಟ್‌ನವ ಸಿಕ್ಕಿದಾನೆ ಕಣೇ ಗಿರಿಜಾ. ಬಸಣ್ಣನ ಹಾಳೇನೇ ಕೊಟ್ಟಿದೀನಿ," ಎಂದ.

"ಅದು ಮುದುಡಿ ಹೋಗಿರ್ತದೆ ಅಣ್ಣ. ಬೇರೆ ಮಾಡ್ಕೊಡ್ತೀನಿ."

"ನಿನಗಿರೋ ಕಾಳಜಿ ಆ ಬಸಣ್ಣಂಗೆ ಇದ್ದಿದ್ರೆ," ಎಂದು ಅಣ್ಣ ನಿಟ್ಟುಸಿರಿಟ್ಟ.

ಚುಕ್ಕೆ ತೆಗೆದು ಹೊಸ ಹಾಳೆ ಕಳಿಸಿದೆ. ಮುಂದಿನ ಮದುವೆಯಲ್ಲಿ ಎಲ್ಲರೂ ಒಟ್ಟಿಗೇ ನುಡಿಸಿ ಒಟ್ಟಿಗೇ ಮುಗಿಸಿದರು. ಬಸಣ್ಣನನ್ನು ಬಿಡಿಸಿದ್ದೇ ಒಳ್ಳೆಯದಾಯಿತೆಂದು ಅಣ್ಣ ಎಲ್ಲರೆದುರು ಹೇಳಿದ. ನಾನು ತಲೆಯಾಡಿಸಿದೆ. ಊಟಕ್ಕೆ ಕೂತಾಗ ನನ್ನ ಎಲೆಗೆ ಪಾಯಸ ಬಡಿಸಲು ಬಂದವನು ಬಸಣ್ಣನೇ. ಅಡುಗೆಯವರ ಜೊತೆ ಸೇರಿಕೊಂಡಿದ್ದ.

"ಇವತ್ತು ಟ್ರಂಪೆಟ್ ಸರಿ ಬಂತ್ರಿ ಅಕ್ಕಾರೆ," ಎಂದ. "ನಂಗೇ ಓದಾಕೆ ಬರ್ತಿರ್ಲಿಲ್ಲ ಅನ್ನಿಸ್ತದೆ."

ನಾನು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದೆ. ಆ ದಿನ ನಾನು ತೋರಿದ ಪ್ರಾಮಾಣಿಕತೆ ಅಷ್ಟೇ. ಅವನು ಅದನ್ನೂ ಸಂಕೋಚವೆಂದುಕೊಂಡು ಧಾರಾಳವಾಗಿ ಬಡಿಸಿ ಮುಂದಿನ ಎಲೆಗೆ ಹೋದ.