ಸೊನ್ನೆ ನಂಬರಿನ ಮನೆ

ಕಂಪ್ಯೂಟರಿನ ವಿಷಯ ಬರೆಯುವ ಯೋಗ್ಯತೆ ನನಗಿಲ್ಲ. ಪಿಯುಸಿಯಲ್ಲೇ ನಿಂತವನು, ಮೌಸನ್ನು ಇಂದಿಗೂ ಜೀವಂತ ಪ್ರಾಣಿಯ ಹಾಗೆ ಮೆಲ್ಲಗೆ ಹಿಡಿಯುತ್ತೇನೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇಲ್ಲದವರನ್ನು ಕರೆದಾಗ ಕಂಪ್ಯೂಟರುಗಳೂ ನಮ್ಮ ಹಾಗೆಯೇ ಒಂದೊಂದು ಒಂದೊಂದು ರೀತಿ ಆಡುತ್ತವೆ ಎಂಬುದು ಈಚೆಗೆ ಗೊತ್ತಾಗಿದೆ.

ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ನಮ್ಮ ಹತ್ತಿ ತೂಗುವ ಕಾಟಾಗಳಿವೆ. ಅವುಗಳ ಪ್ರೋಗ್ರಾಮ್ ಬರೆದವಳು ನನ್ನ ಹೆಂಡತಿ ಮಹಾದೇವಿ. ನಮ್ಮ ಕಡೆ ಮೊದಲ ತೂಕಕ್ಕೆ ಯಾರೂ 'ಒಂದು' ಎನ್ನುವುದಿಲ್ಲ, 'ಲಾಭ' ಎಂದು ಕೂಗುತ್ತೇವೆ. ಎಣಿಕೆ ಶುರುವಾಗುವುದು ಎರಡರಿಂದ. ಕೂಗುವವಳು ಅವಳೇ, ಉಳಿದೆರಡು ಊರಿಗೆ ಫೋನಿನಲ್ಲಿ. ಹೀಗಾಗಿ ಬೆಳಗಿನ ಖಾಲಿ ಕಾಟಾದ ತೂಕವನ್ನು ಲಾಭ ಕೂಗುವವರ ಹೆಸರಿಗೇ, ಅಂದರೆ ತನ್ನ ಹೆಸರಿಗೇ, ಗಂಟು ಹಾಕಿಟ್ಟಿದ್ದಳು. ಗಾಡಿಯ ತೂಕದಿಂದ ಅದನ್ನು ಕಳೆಯಬೇಕು. ಅವಳು ತೀರಿಕೊಂಡ ಮೇಲೂ ಗುಮಾಸ್ತರು ಅದೇ ಹೆಸರನ್ನು ಒತ್ತಿ ತೂಗುತ್ತಿದ್ದರು. ದಿನಾ ಬೆಳಿಗ್ಗೆ ಪರದೆಯ ಮೇಲೆ ಅದು ಮೂಡುವುದನ್ನು ನೋಡಲಾಗದೆ, ಮೂರೂ ಊರು ಸುತ್ತಿ ಅಳಿಸಿಬಂದೆ. ಕಂಪ್ಯೂಟರಿನಲ್ಲಿ ನಾನು ಚೆನ್ನಾಗಿ ಕಲಿತದ್ದು ಅಳಿಸುವುದೊಂದನ್ನೇ.

ಮರುದಿನ ಶಹಾಪುರದ ವಿಂಡೋಸ್ ಮಷಿನ್ ಪರದೆಯ ಮೇಲೊಂದು ಚೌಕ ತೆರೆದು, ತೊಂದರೆಯಾಗಿದೆ ಎಂದು ಮರ್ಯಾದೆಯಿಂದ ತಿಳಿಸಿ, ಪ್ರೋಗ್ರಾಮ್ ಮುಚ್ಚಿತು. ಸಾಂತ್ವನ ಹೇಳಲು ಬಂದು ಬಸ್ಸಿನ ಹೊತ್ತಾಯಿತೆಂದು ಎದ್ದುಹೋಗುವ ನೆಂಟರ ಹಾಗೆ. ಯಾದಗಿರಿಯ ಲಿನಕ್ಸ್ ಮಷಿನ್ನಿಗೆ ಅಷ್ಟೂ ಉಪಚಾರವಿಲ್ಲ. ಇಂಗ್ಲಿಷಿನಲ್ಲಿ ಒಂದು ಸಾಲು ಉಗುಳಿ ಸತ್ತಿತು. ಮಹಾದೇವಿಯ ಗೆಳತಿ, ಯಾದಗಿರಿಯಲ್ಲಿ ಕಂಪ್ಯೂಟರ್ ಕಲಿಸುವ ಪರ್ವೀನಳಿಗೆ ಫೋನ್ ಮಾಡಿದೆ.

"ಪ್ರೋಗ್ರಾಮ್ ಕಡೆ ಇರೋದು ಹೆಸರಿನ ವಿಳಾಸ ಅಷ್ಟೇ, ಭಾಯಿ. ಹೆಸರು ಅಳಿಸಿದ್ರಿ, ವಿಳಾಸ ಸೊನ್ನಿ ಆತು. ಸೊನ್ನಿ ನಂಬರಿನ ಮನಿಗೆ ಹೊಸ ಸಿಸ್ಟಮ್ ಯಾರನ್ನೂ ಬಿಡಂಗಿಲ್ಲ. ಹೊಕ್ಕಾಂವನ್ನ ಅಲ್ಲೇ ಮುಗಸ್ತದ. ಸತ್ರ ಛಲೋನ ಆತು, ಗೊತ್ತರ ಆಗ್ತದ. ಸುರಪುರದಾಗ?"

"ಅಲ್ಲೇನೂ ಆಗಿಲ್ಲವ್ವ. ಆರಾಮ ನಡದದ."

ಪರ್ವೀನ್ ಕೂಗಿಕೊಂಡಳು. "ಅಲ್ಲಾ! ಅದು ಹಳೇ ಡಾಸ್ ಕಾಲದ್ದು. ಅದರಾಗ ಸೊನ್ನಿ ಮನಿಗೆ ಬಾಗಲಾನ ಇಲ್ಲ. ಒಳಗ ಹೋಗಿ ಮಷಿನ್ನಿನ ಯಾವ್ದೋ ಅಂಕಿ ಎತ್ಕೊಂಡು ಬಂದು, ಅದನ್ನ ಖಾಲಿ ಕಾಟಾದ ತೂಕ ಅಂತ ಕಳೀತದ. ಜಲ್ದಿ ಹೋಗ್ರಿ!"

ಸುರಪುರದ ಗುಮಾಸ್ತ ಮಲ್ಲಪ್ಪನಿಗೆ ಫೋನ್ ಹಚ್ಚಿದೆ. ಹೊಳೆದಂಡೆಯ ನಾಗಮ್ಮನ ಟ್ರಾಲಿ ತೂಗಿಯಾಗಿತ್ತು. ಒಮ್ಮೆ ರಾಶಿಗೆ ಸುರಿದರೆ ಯಾರ ಹತ್ತಿ ಯಾವುದೆಂದು ದೇವರಿಗೂ ತಿಳಿಯದು. ಅವಳ ವರ್ಷದ ಬೆಳೆ ಸುಳ್ಳು ತೂಕದಲ್ಲೇ ಉಳಿಯುತ್ತದೆ.

"ಮಷಿನ್ ಏನೂ ಅಂದಿಲ್ಲಲ್ರಿ, ಸಾವ್ಕಾರ್ರ."

"ಅದಕ್ಕ ಹೇಳಾಕತ್ತೀನಿ, ಸುರುವಬ್ಯಾಡ!"

"ಟ್ರಾಲಿ ಬಾಗಲಾ ಬಿಚ್ಚಾಕತ್ತಾರ್ರಿ..." ಲೈನ್ ಕಟ್ಟಾಯಿತು. ಆಮೇಲೆ ಎಷ್ಟು ಹಚ್ಚಿದರೂ ಎತ್ತಲಿಲ್ಲ.

ಬೈಕಿನ ಹಾರ್ನ್ ಕೆಟ್ಟಿತ್ತು. ದಾರಿಯ ಎಮ್ಮೆಗಳಿಗೆಲ್ಲ ಬಾಯಲ್ಲೇ ಬಿನ್ನಹ ಮಾಡುತ್ತ ಸುರಪುರ ಮುಟ್ಟಿದೆ. ನೋಡಿದರೆ ಟ್ರಾಲಿಯ ಹತ್ತಿಯ ಮೇಲೆ ನಾಗಮ್ಮ ಕಾಲು ಚಾಚಿ ಕುಳಿತಿದ್ದಾಳೆ. ಕೆಳಗೆ ಮಲ್ಲಪ್ಪ ಕೈಮುಗಿಯುತ್ತಿದ್ದಾನೆ.

"ಲಾಭ ಅಂದಿಲ್ಲ, ಏನಿಲ್ಲ, ತೂಕ ಆತಂತ! ನಾ ಇಳ್ಯಾಕಿ ಅಲ್ಲ. ಮಹಾದೇವಕ್ಕನ್ನ ಕರಿ."

"ಮಷಿನ್ ಕೆಟ್ಟದವ್ವ..." ಎಂದೆ.

"ನಿನ್ನ ಮಷಿನ್ನಿಗೆ ಬೆಂಕಿ ಹತ್ತಲಿ. ಅಕ್ಕ ಎಲ್ಲಿ?"

ವರ್ಷಕ್ಕೊಮ್ಮೆ ಬರುವವಳು, ಅವಳಿಗೆ ಗೊತ್ತಿರಲಿಲ್ಲ. ಹೀಗೆ ಕೇಳಿದವರಿಗೆಲ್ಲ 'ತವರಿಗೆ ಹೋಗ್ಯಾಳ' ಅನ್ನುವುದು ನನ್ನ ರೂಢಿ. ಅಂದೂ ಆ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅಂದಿದ್ದರೆ ಆಕೆ ಮಹಾದೇವಿ ಬರುವವರೆಗೂ ಅಲ್ಲೇ ಕೂರುತ್ತಿದ್ದಳು.

"ಆಕಿ ಇಲ್ಲವ್ವ. ತೀರಿಕೊಂಡಾಳ."

ನಾಗಮ್ಮ ಹತ್ತಿಯಿಂದ ಜಾರಿ ಕೆಳಗಿಳಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಮೊದಲ ಹೇಳಬಾರದೇನೋ, ಮೂಳಾ?" ಎಂದು ಬೈದಳು. ಇಷ್ಟು ತಿಂಗಳಲ್ಲಿ ನನಗೆ ಸಿಕ್ಕ ನಿಜವಾದ ಸಾಂತ್ವನ ಅದೊಂದೇ.

ಖಾಲಿ ಕಾಟಾದ ತೂಕವನ್ನು ನನ್ನ ಹೆಸರಿಗೆ ಹಚ್ಚಿ ಟ್ರಾಲಿಯನ್ನು ಮತ್ತೆ ಕಾಟಾ ಹತ್ತಿಸಿದೆವು. "ಲಾಭ" ಎಂದೆ, ನನಗಷ್ಟೇ ಕೇಳುವಷ್ಟು ಮೆಲ್ಲಗೆ. "ಜೋರಾಗಿ ಅನ್ನು, ಹತ್ತಿಗೆ ಕೇಳಸಂಗಿಲ್ಲ," ಎಂದಳು ನಾಗಮ್ಮ. ಮತ್ತೆ ಕೂಗಿದೆ. ತೂಕ ಮೊದಲಿಗಿಂತ ಎರಡು ಕ್ವಿಂಟಲ್ ಹೆಚ್ಚು ಬಂತು.

ಸಂಜೆಯೊಳಗೆ ಪರ್ವೀನ್ ಮೂರೂ ಕಡೆ ಪ್ರೋಗ್ರಾಮ್ ತಿದ್ದಿದಳು. ಇನ್ನು ಮುಂದೆ ಆ ಜಾಗದಲ್ಲಿ ಯಾರೂ ಇಲ್ಲದಿದ್ದರೆ ಯಂತ್ರ ನಿಂತು, ಯಾರೂ ಇಲ್ಲ ಎಂದು ಬಾಯಿಬಿಟ್ಟು ಹೇಳುತ್ತದೆ. ಡಾಸ್ ಕಾಲದ ಮುದಿ ಮಷಿನ್ ಕೂಡ ಒಂದೇ ಮಧ್ಯಾಹ್ನದಲ್ಲಿ ಇದನ್ನು ಕಲಿತಿತಲ್ಲ ಎಂದು ಮೆಚ್ಚಿಕೊಳ್ಳುತ್ತ ಮನೆಗೆ ಬಂದೆ. ಬಾಗಿಲಲ್ಲಿ ಹಾಲಿನವನು, "ದಿನದಂಗ ಇಬ್ಬರಿಗೆ ಹಾಕ್ಲೇನ್ರಿ?" ಎಂದ. ನಾನು ಏನೂ ಅನ್ನದೆ ಪಾತ್ರೆ ಹಿಡಿದೆ.